ಓದುಗರ ಪ್ರಶ್ನೆಗೆ ಉತ್ತರ: ಮಡಚುವ ಸೋಲಾರ್ ಪ್ಯಾನೆಲ್ ಕೊಳ್ಳುವ ಮುನ್ನ

ಮಳೆಗಾಲಕ್ಕೆ ಮುಂಚಿನ ಈ ದಿನಗಳಲ್ಲಿ ಬಂದ ಪತ್ರಗಳಲ್ಲಿ ಹಲವು ಮಡಚಿ ಒಯ್ಯಬಹುದಾದ ಸೋಲಾರ್ ಪ್ಯಾನೆಲ್‌ಗಳನ್ನು ಕುರಿತಾಗಿವೆ. ಒಂದೇ ಬಗೆಯವನ್ನು ಕೂಡಿಸಿ, ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ.

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕಿನ ಒಂಟಿಮನೆ. ಗಾಳಿಮಳೆಗೆ ಮರ ಬಿದ್ದು ತಂತಿ ತುಂಡಾದರೆ ಕರೆಂಟ್ ಬರಲು ಎರಡು ದಿನವಾದರೂ ಬೇಕು. ಮಗ ಮನೆಯಿಂದಲೇ ಕೆಲಸ ಮಾಡುತ್ತಾನೆ. ವೈಫೈ ರೌಟರ್, ಲ್ಯಾಪ್‌ಟಾಪ್, ಎರಡು ಮೊಬೈಲ್, ಎರಡು ಎಲ್‌ಇಡಿ ಬಲ್ಬ್ ನಡೆದರೆ ಸಾಕು. ಬೇಸಿಗೆಯಲ್ಲಿ ಕಾರಿನಲ್ಲಿ ಹೋಗಿ ಟೆಂಟ್ ಹಾಕಿ ತಂಗುವ ರೂಢಿಯೂ ಇದೆ. ಎರಡಕ್ಕೂ ಆಗುವಂತೆ 100 ವ್ಯಾಟ್‌ನ ಪ್ಯಾನೆಲ್ ಕೊಳ್ಳಬೇಕೇ, 200 ವ್ಯಾಟ್‌ನದೇ? (ಕೊಪ್ಪದ ಓದುಗರು)

ಉತ್ತರ: ಪ್ಯಾನೆಲ್‌ನ ವ್ಯಾಟ್ ಎಷ್ಟಿರಬೇಕೆಂಬುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ದಿನಕ್ಕೆ ತಮಗೆ ಬೇಕಾದ ವಿದ್ಯುತ್ತೆಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕೋಣ. ರೌಟರ್ ಸುಮಾರು 10 ವ್ಯಾಟ್‌ನದು. ಹತ್ತು ಗಂಟೆ ನಡೆದರೆ 100 ವ್ಯಾಟ್ ಅವರ್. ಲ್ಯಾಪ್‌ಟಾಪ್ ಸರಾಸರಿ 25 ವ್ಯಾಟ್ ಎಳೆದರೆ ಆರು ಗಂಟೆಗೆ 150. ಈಗಿನ ಮೊಬೈಲ್‌ಗಳ ಬ್ಯಾಟರಿ ತುಂಬಲು ತಲಾ 20ರಂತೆ 40. ಒಂಬತ್ತು ವ್ಯಾಟ್‌ನ ಎರಡು ಬಲ್ಬ್ ಐದು ಗಂಟೆ ಉರಿದರೆ 90. ಒಟ್ಟು 380 ವ್ಯಾಟ್ ಅವರ್ ಆಯಿತು. ಬ್ಯಾಟರಿಯ ಡಿ.ಸಿ. ವಿದ್ಯುತ್ತು 230 ವೋಲ್ಟ್‌ನ ಎ.ಸಿ. ಆಗುವಾಗ ಸೋರಿಹೋಗುವುದನ್ನೂ ಸೇರಿಸಿಕೊಂಡರೆ 450 ಎಂದು ಹಿಡಿಯಬೇಕು. ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಇದು ಅರ್ಧ ಯೂನಿಟ್‌ಗಿಂತಲೂ ಕಡಿಮೆ.

ಏಪ್ರಿಲ್ ತಿಂಗಳ ಒಳ್ಳೆಯ ಬಿಸಿಲಿನಲ್ಲಿ 100 ವ್ಯಾಟ್‌ನ ಮಡಚುವ ಪ್ಯಾನೆಲ್ ಇಡೀ ದಿನದಲ್ಲಿ ಸುಮಾರು 350 ವ್ಯಾಟ್ ಅವರ್ ಕೊಟ್ಟೀತು. ಟೆಂಟ್ ವಾಸಕ್ಕೆ ಅದು ಧಾರಾಳವಾಯಿತು. ಆದರೆ ತಮ್ಮ ಊರಿನಲ್ಲಿ ಕರೆಂಟ್ ಹೋಗುವುದು ಏಪ್ರಿಲ್‌ನಲ್ಲಲ್ಲ, ಜುಲೈನಲ್ಲಿ. ದಟ್ಟ ಮೋಡ ಕವಿದಾಗ ಯಾವುದೇ ಪ್ಯಾನೆಲ್‌ನ ಉತ್ಪಾದನೆ ಹಣೆಪಟ್ಟಿಯ ಶೇಕಡ 10ರಿಂದ 20ಕ್ಕೆ ಇಳಿಯುತ್ತದೆ. ಅಂದರೆ ಅದೇ 100 ವ್ಯಾಟ್‌ನ ಪ್ಯಾನೆಲ್ ಇಡೀ ದಿನ ಅಂಗಳದಲ್ಲಿದ್ದರೂ 50ರಿಂದ 100 ವ್ಯಾಟ್ ಅವರ್ ಸಿಕ್ಕರೆ ಹೆಚ್ಚು. 200 ವ್ಯಾಟ್‌ನದನ್ನು ಕೊಂಡರೂ ಅದರ ಇಮ್ಮಡಿಯಷ್ಟೇ, ತಮಗೆ ಬೇಕಾದ ಅರ್ಧವೂ ಆಗದು. ಜಾಹೀರಾತುಗಳು ಹೇಳದ ಮಾತು ಇದು: ಮಲೆನಾಡಿನ ಮಳೆಗಾಲಕ್ಕೆ ಆಸರೆಯಾಗಬೇಕಾದದ್ದು ಬ್ಯಾಟರಿಯೇ ಹೊರತು ಪ್ಯಾನೆಲ್ ಅಲ್ಲ.

ಆದ್ದರಿಂದ ಕೈಯಲ್ಲಿರುವ ಹಣದ ದೊಡ್ಡ ಪಾಲನ್ನು ಸುಮಾರು 1000 ವ್ಯಾಟ್ ಅವರ್‌ನ, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯುಳ್ಳ ಪವರ್ ಸ್ಟೇಷನ್‌ಗೆ (ಬ್ಯಾಟರಿ, ಇನ್ವರ್ಟರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ, ಎತ್ತಿ ಒಯ್ಯಬಹುದಾದ ಸಾಧನ) ಹಾಕಿ, ಪ್ಯಾನೆಲ್ 100 ವ್ಯಾಟ್‌ನದೇ ಇರಲಿ ಎಂಬುದು ನಮ್ಮ ಸಲಹೆ. ಕರೆಂಟ್ ಇರುವಾಗ ಗೋಡೆಯ ಪ್ಲಗ್‌ನಿಂದಲೇ ಅದನ್ನು ತುಂಬಿಸಿಟ್ಟುಕೊಂಡರೆ ಎರಡು ದಿನ ದಾಟುತ್ತದೆ. ಮಳೆ ಹೊಳವಾದಾಗಲೆಲ್ಲ ಪ್ಯಾನೆಲ್ ಹರಡಿದರೆ ಬರುವಷ್ಟು ಲಾಭ. ಲಿಥಿಯಂ ಐರನ್ ಫಾಸ್ಫೇಟ್ ತುಸು ಭಾರವೆಂಬುದು ನಿಜ. ಆದರೆ ಎರಡು ಸಾವಿರಕ್ಕೂ ಹೆಚ್ಚು ಸಲ ತುಂಬಿ ಬರಿದಾದರೂ ತಾಳಿಕೊಳ್ಳುತ್ತದೆ ಮತ್ತು ಶಾಖಕ್ಕೆ ಬೇಗ ಕೆರಳುವುದಿಲ್ಲ. ರೌಟರ್ 12 ವೋಲ್ಟ್‌ನದಾಗಿದ್ದರೆ ಅದನ್ನು ಎ.ಸಿ. ಸಾಕೆಟ್‌ಗೆ ಹಾಕದೆ ಪವರ್ ಸ್ಟೇಷನ್‌ನ 12 ವೋಲ್ಟ್ ಡಿ.ಸಿ. ಕಿಂಡಿಗೇ ನೇರವಾಗಿ ಜೋಡಿಸಿ. ಬರಿಯ ಹತ್ತು ವ್ಯಾಟ್‌ಗಾಗಿ ಒಳಗಿನ ಇನ್ವರ್ಟರ್ ಹಗಲಿಡೀ ಚಾಲೂ ಇದ್ದರೆ ಅದೇ ತಿನ್ನುವ ವಿದ್ಯುತ್ತು ರೌಟರ್ ತಿನ್ನುವಷ್ಟಿರುವುದುಂಟು.

ಬೇಸಿಗೆಯ ಪ್ರವಾಸಕ್ಕೆ ಒಂದು ಮಾತು. ಟೆಂಟ್ ನೆರಳಿನಲ್ಲಿರಬೇಕು, ಪ್ಯಾನೆಲ್ ಬಿಸಿಲಿನಲ್ಲಿರಬೇಕು. ಹಾಗಾಗಿ ಜೊತೆಗೆ ಬರುವ ಗಿಡ್ಡ ತಂತಿಯೊಂದೇ ಸಾಲದು, ಐದು ಮೀಟರ್‌ನ ದಪ್ಪ ತಂತಿ ಇರಲಿ. ಬ್ಯಾಟರಿಯನ್ನು ಮುಚ್ಚಿದ ಕಾರಿನೊಳಗೆ ಬಿಟ್ಟು ಚಾರ್ಜ್ ಮಾಡಬೇಡಿ. ಲಿಥಿಯಂ ಬ್ಯಾಟರಿಗಳನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಮಾತ್ರ ಚಾರ್ಜ್ ಮಾಡಬೇಕು, ಬಿಸಿಲಿಗೆ ನಿಂತ ಕಾರಿನ ಒಳಗು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದಂತಹ ರಕ್ಷಿತ ಅರಣ್ಯಗಳಲ್ಲಿ ಚಾರಣಕ್ಕೆ ಅನುಮತಿಯಿದ್ದರೂ ರಾತ್ರಿ ಟೆಂಟ್ ಹಾಕುವಂತಿಲ್ಲವೆಂಬುದು ತಮಗೆ ತಿಳಿದೇ ಇರಬಹುದು.

ಪ್ರಶ್ನೆ: ಗೆಳೆಯರೊಬ್ಬರ 100 ವ್ಯಾಟ್‌ನ ಪ್ಯಾನೆಲ್ ಮೇ ತಿಂಗಳ ನಡುಮಧ್ಯಾಹ್ನದಲ್ಲೂ 60 ವ್ಯಾಟ್ ದಾಟಲಿಲ್ಲ. ಕೈಪಿಡಿಯಲ್ಲಿ ಹೇಳಿದಂತೆ ದಕ್ಷಿಣಕ್ಕೇ ಮುಖ ಮಾಡಿ ನಿಲ್ಲಿಸಿದ್ದೆವು. ಒಂದೇ ವ್ಯಾಟ್ ನಮೂದಿಸಿದ ಪ್ಯಾನೆಲ್‌ಗಳ ಬೆಲೆಯಲ್ಲಿ ಎರಡು ಪಟ್ಟು ವ್ಯತ್ಯಾಸವೂ ಇದೆ. ಇದರಲ್ಲಿ ಮೋಸವಿದೆಯೇ? (ಬೆಂಗಳೂರಿನ ಓದುಗರು)

ಉತ್ತರ: ಮೋಸವಿರಲೂಬಹುದು, ಆದರೆ ತಾವು ಹೇಳಿದ ಸಂಗತಿಗೆ ಬೇರೆಯೇ ಕಾರಣವಿದೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಭಾಗದಲ್ಲಿ ಸೂರ್ಯ ನಡುಹಗಲಿಗೆ ನಮ್ಮ ನೆತ್ತಿಯ ಮೇಲೆಯೇ ಬಂದು, ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿ ಎಂಬ ಸೂಚನೆ ಯುರೋಪು, ಅಮೆರಿಕಗಳಿಗೆ ವರ್ಷವಿಡೀ ಸರಿ. ನಮಗೆ ಮೇ, ಜೂನ್‌ಗಳಲ್ಲಿ ತಪ್ಪು. ಮಡಚುವ ಪ್ಯಾನೆಲ್‌ಗಳ ಹಿಂಬದಿಯ ಬಟ್ಟೆಯ ಊರುಗಾಲುಗಳು ಅದನ್ನು ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲಿಸುತ್ತವೆ. ಮೇ ತಿಂಗಳ ಮಧ್ಯಾಹ್ನ ಹಾಗೆ ದಕ್ಷಿಣಕ್ಕೆ ನಿಲ್ಲಿಸಿದರೆ ನೇರವಾಗಿ ಬೀಳಬೇಕಾದ ಬಿಸಿಲಿನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಭಾಗ ಕೈತಪ್ಪುತ್ತದೆ. ಆ ದಿನಗಳಲ್ಲಿ ಊರುಗಾಲು ಬಿಚ್ಚದೆ ನೆಲಕ್ಕೆ ಚಪ್ಪಟೆಯಾಗಿ ಹಾಸುವುದೇ ಲೇಸು. ಡಿಸೆಂಬರ್‌ನಲ್ಲಾದರೆ ದಕ್ಷಿಣಕ್ಕೆ 35 ಡಿಗ್ರಿಯಷ್ಟು ಎತ್ತಿ ನಿಲ್ಲಿಸಬೇಕು. ಕೋನ ಅಳೆಯುವ ಸಲಕರಣೆ ಬೇಕಿಲ್ಲ: ಪ್ಯಾನೆಲ್ ಮೇಲೆ ಒಂದು ಪೆನ್ನನ್ನು ನೆಟ್ಟಗೆ ಹಿಡಿದು, ಅದರ ನೆರಳು ಅತಿ ಚಿಕ್ಕದಾಗುವವರೆಗೆ ಪ್ಯಾನೆಲ್ ತಿರುಗಿಸಿದರಾಯಿತು.

ಇನ್ನು ಬಿಸಿಯ ವಿಚಾರ. 100 ವ್ಯಾಟ್ ಎಂಬ ಹಣೆಪಟ್ಟಿ ಪ್ರಯೋಗಾಲಯದ ಲೆಕ್ಕ. ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು ಬೀಳುತ್ತಿದ್ದು, ಸೆಲ್‌ಗಳ ಉಷ್ಣತೆ 25 ಡಿಗ್ರಿ ಇದ್ದಾಗ ಅದು ಸಿಗುತ್ತದೆ. ನಮ್ಮ ಬಿಸಿಲಿನಲ್ಲಿ ಸೆಲ್‌ಗಳು 60 ಡಿಗ್ರಿ ದಾಟುವುದು ಸಾಮಾನ್ಯ. ಸಿಲಿಕಾನ್ ಸೆಲ್‌ಗಳು 25ರ ಮೇಲಿನ ಪ್ರತಿ ಡಿಗ್ರಿಗೂ ಶೇಕಡ 0.3ರಿಂದ 0.4ರಷ್ಟು ಶಕ್ತಿ ಕಳೆದುಕೊಳ್ಳುವುದರಿಂದ, ಅಲ್ಲಿಯೇ ಹನ್ನೆರಡು ಹದಿಮೂರು ವ್ಯಾಟ್ ಹೋಯಿತು. ಹೀಗಾಗಿ ಸರಿಯಾಗಿ ಇಟ್ಟ ಒಳ್ಳೆಯ ಪ್ಯಾನೆಲ್ 70ರಿಂದ 80 ವ್ಯಾಟ್ ಕೊಟ್ಟರೆ ಅದು ಪ್ರಾಮಾಣಿಕವಾದದ್ದೇ.

ಅಪ್ರಾಮಾಣಿಕವಾದದ್ದನ್ನು ಗುರುತಿಸಲು ಅಳತೆಪಟ್ಟಿ ಸಾಕು. ಈಗಿನ ಒಳ್ಳೆಯ ಮೊನೊಕ್ರಿಸ್ಟಲೈನ್ ಸೆಲ್‌ಗಳು ಬಿಸಿಲಿನ ಶೇಕಡ 22ರ ಆಸುಪಾಸು ಭಾಗವನ್ನು ವಿದ್ಯುತ್ತಾಗಿಸುತ್ತವೆ. ಆ ಲೆಕ್ಕದಲ್ಲಿ 100 ವ್ಯಾಟ್‌ಗೆ ಸುಮಾರು 0.45 ಚದರ ಮೀಟರ್, ಅಂದರೆ ಐದು ಚದರ ಅಡಿಯಷ್ಟು ಸೆಲ್‌ಗಳು ಬೇಕೇ ಬೇಕು. ಬಟ್ಟೆಯ ಅಂಚು, ಮಡಿಕೆಗಳನ್ನು ಬಿಟ್ಟು ಕಪ್ಪು ಸೆಲ್‌ಗಳ ಉದ್ದಗಲವನ್ನಷ್ಟೇ ಅಳೆಯಿರಿ. ಎರಡೂವರೆ ಚದರ ಅಡಿಯ ಸೆಲ್‌ಗಳಿಗೆ 100 ವ್ಯಾಟ್ ಎಂದು ಬರೆದಿದ್ದರೆ ಆ ಅಂಗಡಿಯಿಂದ ಹೊರಡುವುದು ಒಳ್ಳೆಯದು. ಸಾಮಾನ್ಯ ಸಿಲಿಕಾನ್ ಸೆಲ್‌ಗೆ ಶೇಕಡ 30 ದಾಟುವುದು ತತ್ತ್ವತಃ ಸಾಧ್ಯವಿಲ್ಲ, ಇಲ್ಲಿ ಅವರು 40 ಹೇಳುತ್ತಿರುತ್ತಾರೆ.

ಬೆಲೆಯ ಅಂತರಕ್ಕೆ ಮುಖ್ಯ ಕಾರಣ ಮೇಲಿನ ಪದರ. ಪಿಇಟಿ ಪ್ಲಾಸ್ಟಿಕ್ ಹೊದಿಕೆ ಅಗ್ಗ, ಆದರೆ ಬಿಸಿಲಿಗೆ ವರ್ಷಗಳಲ್ಲಿ ಹಳದಿಯಾಗಿ ಮಸುಕಾಗುತ್ತದೆ. ಇಟಿಎಫ್‌ಇ ಹೊದಿಕೆ ಹೆಚ್ಚು ಕಾಲ ಪಾರದರ್ಶಕವಾಗಿರುತ್ತದೆ. ಮಡಿಕೆಗಳ ಹೊಲಿಗೆಯನ್ನೂ ನೋಡಿ. ತಂತಿಗಳು ಹಾದುಹೋಗುವುದು ಅಲ್ಲಿಯೇ. ನೂರಾರು ಸಲ ಮಡಚಿ ಬಿಚ್ಚಿದಾಗ ಮೊದಲು ತುಂಡಾಗುವುದೂ ಅಲ್ಲಿಯೇ. ದೂಳು, ನೀರುಗಳಿಂದ ರಕ್ಷಣೆಯಿದೆ ಎಂದು ಹೇಳುವ ಐಪಿ 65 ಎಂಬ ಗುರುತು ಪ್ಯಾನೆಲ್‌ನ ಸೆಲ್‌ಗಳಿಗೆ ಮಾತ್ರವೋ, ಹಿಂದಿನ ಯುಎಸ್‌ಬಿ ಕಿಂಡಿಗಳಿರುವ ಪೆಟ್ಟಿಗೆಗೂ ಸೇರಿಯೋ ಎಂದು ಕೇಳಿ ತಿಳಿಯಿರಿ. ಅನೇಕ ಸಲ ಪೆಟ್ಟಿಗೆಗೆ ಆ ರಕ್ಷಣೆ ಇರುವುದಿಲ್ಲ.

ಪ್ರಶ್ನೆ: ನನ್ನಲ್ಲಿ 100 ವ್ಯಾಟ್‌ನ ಎರಡು ಪ್ಯಾನೆಲ್‌ಗಳಿವೆ. ಪವರ್ ಸ್ಟೇಷನ್‌ಗೆ ಎರಡನ್ನೂ ಒಟ್ಟಿಗೆ ಜೋಡಿಸುವುದು ಹೇಗೆ? (ಮೈಸೂರಿನ ಓದುಗರು)

ಉತ್ತರ: ಪವರ್ ಸ್ಟೇಷನ್‌ನ ಸೋಲಾರ್ ಕಿಂಡಿಯ ಬಳಿ ಬರೆದಿರುವ ಗರಿಷ್ಠ ವೋಲ್ಟೇಜನ್ನು ಮೊದಲು ಓದಿ, ಅನಂತರ ಪ್ಯಾನೆಲ್‌ನ ಹಿಂದೆ ಬರೆದಿರುವ ಓಪನ್ ಸರ್ಕಿಟ್ ವೋಲ್ಟೇಜನ್ನು (ಏನನ್ನೂ ಜೋಡಿಸದಿರುವಾಗಿನ ವೋಲ್ಟೇಜ್) ನೋಡಿ. ಈ ಗಾತ್ರದ ಪ್ಯಾನೆಲ್‌ಗಳಲ್ಲಿ ಅದು ಸಾಮಾನ್ಯವಾಗಿ 22ರಿಂದ 24 ವೋಲ್ಟ್ ಇರುತ್ತದೆ. ಎರಡನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್‌ಗೆ, ಜೋಡಿಸಿದರೆ ವೋಲ್ಟೇಜ್ ಕೂಡಿ 48ರವರೆಗೆ ಹೋಗುತ್ತದೆ. ಕಿಂಡಿಯ ಮಿತಿ 28 ಅಥವಾ 30 ವೋಲ್ಟ್ ಆಗಿದ್ದರೆ ಆ ಕ್ಷಣವೇ ಒಳಗಿನ ಸರ್ಕಿಟ್ ಸುಟ್ಟುಹೋಗಬಹುದು, ವಾರಂಟಿಯೂ ದಕ್ಕದು. ಅಂಥದ್ದಕ್ಕೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೂಡಿಸುವ ಪ್ಯಾರಲಲ್ ಜೋಡಣೆಯೇ ಸರಿ. ಆಗ ವೋಲ್ಟೇಜ್ ಅಷ್ಟೇ ಇದ್ದು ಆಂಪಿಯರ್ ಇಮ್ಮಡಿಯಾಗುತ್ತದೆ. ಮಿತಿ 60 ವೋಲ್ಟ್ ಇದ್ದರೆ ಸೀರೀಸ್ ಆಗಬಹುದು. ಚಳಿಯ ಬೆಳಗಿನಲ್ಲಿ ಪ್ಯಾನೆಲ್‌ನ ವೋಲ್ಟೇಜ್ ನಮೂದಿಸಿದ್ದಕ್ಕಿಂತ ತುಸು ಏರುವುದರಿಂದ ಮಿತಿಯ ಅಂಚಿಗೇ ಹೋಗಬೇಡಿ. ಎಂಸಿ4, ಎಕ್ಸ್‌ಟಿ60 ಮೊದಲಾದ ಪಿನ್‌ಗಳನ್ನು ಹೊಂದಿಸುವ ಅಡಾಪ್ಟರ್ ಕೊಂಡಾಗ ಪ್ಲಸ್, ಮೈನಸ್ ಅದಲುಬದಲಾಗಿಲ್ಲವೆಂಬುದನ್ನು ಮಲ್ಟಿಮೀಟರ್ ಇಟ್ಟು ನೋಡಿಯೇ ಜೋಡಿಸಿ.

ಪ್ರಶ್ನೆ: ಮನೆಯಲ್ಲಿ 12 ವೋಲ್ಟ್, 150 ಆಂಪಿಯರ್ ಅವರ್‌ನ ಟ್ಯೂಬ್ಯುಲರ್ ಬ್ಯಾಟರಿಯ ಇನ್ವರ್ಟರ್ ಇದೆ. ಹೊಸ ಪವರ್ ಸ್ಟೇಷನ್ ಏಕೆ, ಮಡಚುವ ಪ್ಯಾನೆಲನ್ನು ಇದಕ್ಕೇ ಜೋಡಿಸಬಾರದೇ? ಸರ್ಕಾರದ ಸಬ್ಸಿಡಿ ಸಿಗುವುದೇ? (ದಾವಣಗೆರೆಯ ಓದುಗರು)

ಉತ್ತರ: ನೇರವಾಗಿ ಜೋಡಿಸಬಾರದು, ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಚಾರ್ಜ್ ಕಂಟ್ರೋಲರ್ ನಡುವೆ ಇರಲೇಬೇಕು. ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಪ್ಯಾನೆಲ್‌ನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೇ ಎಳೆದುಬಿಡುತ್ತದೆ. 18 ವೋಲ್ಟ್‌ನಲ್ಲಿ 5.5 ಆಂಪಿಯರ್ ಕೊಡಬಲ್ಲ ಪ್ಯಾನೆಲ್ 12.5 ವೋಲ್ಟ್‌ನಲ್ಲೂ ಸುಮಾರು ಅಷ್ಟೇ ಆಂಪಿಯರ್ ಕೊಡುವುದರಿಂದ ನೂರರ ಜಾಗದಲ್ಲಿ 70 ವ್ಯಾಟ್ ಕೂಡ ದೊರೆಯುವುದಿಲ್ಲ. ಎಂಪಿಪಿಟಿ ಕಂಟ್ರೋಲರ್‌ಗೆ ಬೆಲೆ ಹೆಚ್ಚಾದರೂ ಈ ನಷ್ಟವಿಲ್ಲ. ತಮ್ಮ ಬ್ಯಾಟರಿ ಹಿಡಿಯುವುದು 1800 ವ್ಯಾಟ್ ಅವರ್. 100 ವ್ಯಾಟ್‌ನ ಪ್ಯಾನೆಲ್ ಅದನ್ನು ಬರಿದಾದ ಸ್ಥಿತಿಯಿಂದ ತುಂಬಿಸಲು ಬಯಲುಸೀಮೆಯ ಒಳ್ಳೆಯ ಬಿಸಿಲಿದ್ದರೂ ಐದಾರು ದಿನ ಬೇಕು.

ವಾಸ್ತವವಾಗಿ ತಮಗೆ ಮಡಚುವ ಪ್ಯಾನೆಲ್ ಬೇಕಿಲ್ಲ. ಮಡಚುವ ಅನುಕೂಲಕ್ಕಾಗಿಯೇ ಅದಕ್ಕೆ ವ್ಯಾಟ್‌ಗೆ ಹೆಚ್ಚು ಬೆಲೆ ಕೊಡಬೇಕು. ತಾರಸಿಯ ಮೇಲೆ ಬಿಸಿಲು ಮಳೆಗೆ ವರ್ಷವಿಡೀ ಬಿಟ್ಟರೆ ಅದರ ಬಟ್ಟೆ, ಹೊಲಿಗೆ ಬಾಳುವುದೂ ಇಲ್ಲ. ಗಾಜು ಮತ್ತು ಅಲ್ಯೂಮಿನಿಯಂ ಚೌಕಟ್ಟಿನ ಮಾಮೂಲಿ ಪ್ಯಾನೆಲ್ ಅದಕ್ಕಿಂತ ಬಹಳ ಅಗ್ಗ ಮತ್ತು 25 ವರ್ಷಗಳ ಉತ್ಪಾದನಾ ವಾರಂಟಿಯೊಡನೆ ಬರುತ್ತದೆ. ಸಬ್ಸಿಡಿಯ ವಿಷಯ: 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ನೆರವು ಗ್ರಿಡ್‌ಗೆ ಜೋಡಿಸಿದ ಮನೆಯ ಚಾವಣಿ ಸೋಲಾರ್‌ಗೆ ಮಾತ್ರ, ಮಡಚುವ ಪ್ಯಾನೆಲ್‌ಗೆ ಇಲ್ಲ. ಆ ಚಾವಣಿ ವ್ಯವಸ್ಥೆಯೂ ಬ್ಯಾಟರಿ ಇಲ್ಲದ್ದಾದರೆ, ಲೈನ್ ದುರಸ್ತಿ ಮಾಡುವವರ ಸುರಕ್ಷತೆಗಾಗಿ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆಂಬುದನ್ನು ಗಮನದಲ್ಲಿಡಿ.

ಪ್ರಶ್ನೆ: ಹಿಮಾಲಯದ ಒಂದು ವಾರದ ಚಾರಣಕ್ಕೆ ಹೊರಟಿದ್ದೇವೆ. ಬೆನ್ನುಚೀಲಕ್ಕೆ ಕಟ್ಟಿಕೊಳ್ಳುವ 20 ವ್ಯಾಟ್‌ನ ಯುಎಸ್‌ಬಿ ಪ್ಯಾನೆಲ್ ಒಯ್ಯಬಹುದೇ? ವಿಮಾನದಲ್ಲಿ ಬಿಡುತ್ತಾರೆಯೇ? (ಧಾರವಾಡದ ಓದುಗರು)

ಉತ್ತರ: ಒಂದು ವಾರಕ್ಕಾದರೆ ಬೇಡ. ನಡೆಯುವಾಗ ಪ್ಯಾನೆಲ್ ಪ್ರತಿ ತಿರುವಿನಲ್ಲೂ ದಿಕ್ಕು ಬದಲಿಸುತ್ತದೆ, ತಲೆಯ ನೆರಳು ಬೀಳುತ್ತದೆ; ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಇಡೀ ಸಾಲನ್ನೇ ಕುಗ್ಗಿಸುತ್ತದೆ. ಮೊಬೈಲನ್ನು ನೇರವಾಗಿ ಜೋಡಿಸಿದರೆ ಮೋಡ ಸರಿದಾಗಲೆಲ್ಲ ಚಾರ್ಜಿಂಗ್ ಕಡಿದು, ಕೆಲವು ಫೋನ್‌ಗಳಲ್ಲಿ ಮತ್ತೆ ತಾನಾಗಿ ಶುರುವಾಗುವುದೇ ಇಲ್ಲ. 20,000 ಎಂಎಎಚ್‌ನ ಪವರ್ ಬ್ಯಾಂಕ್ ಒಬ್ಬರ ಫೋನನ್ನು ಎರಡೂವರೆಯಿಂದ ಮೂರು ಸಲ ತುಂಬುತ್ತದೆ, ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟರೆ ವಾರಕ್ಕೆ ಅದು ಸಾಕು. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗ್‌ನೊಳಗೆ ಇಟ್ಟುಕೊಳ್ಳಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ.

ಅಷ್ಟು ಗಾತ್ರದ ಪವರ್ ಬ್ಯಾಂಕ್ ಎಂದರೆ 74 ವ್ಯಾಟ್ ಅವರ್. ವಿಮಾನದಲ್ಲಿ 100ರವರೆಗೆ ಕೈಚೀಲದಲ್ಲಿ ಒಯ್ಯಬಹುದು, 100ರಿಂದ 160ಕ್ಕೆ ವಿಮಾನಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕಿಂತ ಮೇಲ್ಪಟ್ಟದ್ದಕ್ಕೆ ಪ್ರಯಾಣಿಕರ ವಿಮಾನದಲ್ಲಿ ಅವಕಾಶವಿಲ್ಲ. ಮನೆಬಳಕೆಯ ಪವರ್ ಸ್ಟೇಷನ್‌ಗಳೆಲ್ಲ ಬಹುತೇಕ ಈ ಕೊನೆಯ ಗುಂಪಿಗೇ ಸೇರುತ್ತವೆ. ಚೆಕ್-ಇನ್ ಸಾಮಾನಿನಲ್ಲಿ ಯಾವ ಪವರ್ ಬ್ಯಾಂಕನ್ನೂ ಹಾಕಬೇಡಿ. ಹದಿನೈದು ದಿನಗಳಿಗೂ ಮೀರಿದ ಚಾರಣವಾಗಿದ್ದು, ಬಿಡಾರದಲ್ಲಿ ಹಗಲು ಪೂರ್ತಿ ಪ್ಯಾನೆಲ್ ಹರಡಿಡುವ ಅನುಕೂಲವಿದ್ದರೆ 20 ವ್ಯಾಟ್‌ನದು ಒಯ್ಯಲು ಯೋಗ್ಯ. ಒಳಗೆ ಬ್ಯಾಟರಿ ಇಲ್ಲದ ಪ್ಯಾನೆಲ್‌ಗೆ ಈ ನಿರ್ಬಂಧಗಳು ಅನ್ವಯಿಸುವುದಿಲ್ಲ. ಬ್ಯಾಟರಿ ಸೇರಿಸಿ ಹೊಲಿದ ಮಾದರಿಯಾದರೆ ಅದನ್ನೂ ಕೈಚೀಲದಲ್ಲೇ ಇಡಬೇಕು.