ಪಕ್ಕೆಯ ಒಂದೇ ಕಡೆ ಉರಿ, ತುರಿಕೆ, ಈಗ ನೀರ್ಗುಳ್ಳೆ: ಯಾವ ಮುಲಾಮು ಹಚ್ಚಲಿ?

ಎಡ ಪಕ್ಕೆಯಲ್ಲಿ ಮೂರ್ನಾಲ್ಕು ದಿನ ಉರಿ, ತುರಿಕೆ. ಅಲರ್ಜಿ ಮಾತ್ರೆಗೆ ಬಗ್ಗಲಿಲ್ಲ. ನಿನ್ನೆ ಸಂಜೆಯಿಂದ ಗುಳ್ಳೆ ಎದ್ದಿದೆ ಅಂತ ಬರೆದಿದ್ದೀರಿ. ನನಗೆ ಇದೇ ಬೆನ್ನಿನ ಬಲಗಡೆ ಬಂದಿತ್ತು, ವ್ಯತ್ಯಾಸ ಅಷ್ಟೇ. ಇದು ಹೆಚ್ಚುಕಡಿಮೆ ಖಂಡಿತ ಸರ್ಪಸುತ್ತು. ಇದಕ್ಕೆ ಮುಲಾಮು ಹುಡುಕಬೇಡಿ, ಗಡಿಯಾರ ನೋಡಿ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಹೊಟ್ಟೆಗೆ ಬೀಳಬೇಕು. ನಾಳೆ ಬೆಳಿಗ್ಗೆಯೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಅವರು ಸಿಗದಿದ್ದರೆ ಹತ್ತಿರದ ಎಂಬಿಬಿಎಸ್ ಡಾಕ್ಟರೇ ಸಾಕು, ಹೆಚ್ಚಿನವರು ಅಂಗಿ ಎತ್ತಿದ ಕೂಡಲೇ ಗುರುತಿಸುತ್ತಾರೆ.

ನನಗೆ ದುಬಾರಿಯಾದ ತಪ್ಪು ನೀವು ಈಗ ಮಾಡುತ್ತಿರುವುದೇ: ತುರಿಕೆ ಎಂದರೆ ಅಲರ್ಜಿ ಅಂದುಕೊಳ್ಳುವುದು. ಅಲರ್ಜಿ ಮಾತ್ರೆ ಸೆಟ್ರಿಜಿನ್ ತಡೆಯುವುದು ಹಿಸ್ಟಮಿನ್ ಅನ್ನು, ಅಂದರೆ ಅಲರ್ಜಿಯಲ್ಲಿ ತುರಿಕೆ ಎಬ್ಬಿಸುವ ರಾಸಾಯನಿಕವನ್ನು. ಈ ತುರಿಕೆ ಹುಟ್ಟುವುದು ಚರ್ಮದಲ್ಲಲ್ಲ, ನರದಲ್ಲಿ. ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ತಂದ ವೈರಸ್ಸು ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ವಯಸ್ಸಾದಾಗಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ ಒಂದು ನರ ಹಿಡಿದು ಚರ್ಮಕ್ಕೆ ಇಳಿಯುತ್ತದೆ. ನರ ಮೊದಲು ಕೆರಳುತ್ತದೆ, ಗುಳ್ಳೆ ಆಮೇಲೆ ಬರುತ್ತದೆ. ಆ ನಡುವಿನ ದಿನಗಳಲ್ಲಿ ಅಲರ್ಜಿ ಮಾತ್ರೆಯಿಂದ ನಿದ್ದೆ ಬರುತ್ತದೆ, ಕಡಿಮೆಯಾಯಿತು ಎನ್ನಿಸುತ್ತದೆ. ಗುಳ್ಳೆ ಕಂಡಾಗಲೂ 'ಅಲರ್ಜಿಯೇ ಜಾಸ್ತಿಯಾಗಿದೆ' ಎಂದು ಮೆಡಿಕಲ್ ಶಾಪಿನಲ್ಲಿ ಕೊಟ್ಟ ಸ್ಟಿರಾಯ್ಡ್ ಟ್ಯೂಬ್ ಹಚ್ಚುತ್ತೇವೆ. ಅದು ಕೆಂಪನ್ನು ಇಳಿಸಿ ರೋಗದ ಗುರುತನ್ನೇ ಮಸುಕು ಮಾಡುತ್ತದೆ, ನರದ ವೈರಸ್ಸನ್ನು ಮುಟ್ಟುವುದಿಲ್ಲ. ಇಷ್ಟರಲ್ಲಿ 72 ಗಂಟೆ ಮುಗಿದಿರುತ್ತದೆ.

ಅಲರ್ಜಿಯಲ್ಲ ಎಂದು ಹೇಗೆ ಹೇಳುತ್ತೇನೆ? ಸರ್ಪಸುತ್ತು ದೇಹದ ಒಂದೇ ಬದಿಯಲ್ಲಿ ಪಟ್ಟಿಯಂತೆ ಬಂದು, ಎದೆಯ ನಡುಗೆರೆಗೋ ಬೆನ್ನುಮೂಳೆಗೋ ಬಂದು ನಿಲ್ಲುತ್ತದೆ. ಬಟ್ಟೆ ತಾಗಿದರೂ ಉರಿಯುತ್ತದೆ. ಪಿತ್ತದ ಗಂಧೆ ಜಾಗ ಬದಲಿಸುತ್ತದೆ, ಒಂದೊಂದು ದದ್ದೂ ಒಂದು ದಿನದೊಳಗೆ ಮಾಯವಾಗುತ್ತದೆ. ಕಜ್ಜಿಯಾದರೆ ರಾತ್ರಿ ತುರಿಕೆ ಹೆಚ್ಚು, ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಇರುತ್ತದೆ, ಮನೆಯ ಬೇರೆಯವರೂ ಕೆರೆಯುತ್ತಿರುತ್ತಾರೆ. ಹೆಚ್ಚು ಮೋಸ ಮಾಡುವುದು ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಬರುವ ಕಿತ್ತಳೆ-ಕಪ್ಪು ಬಣ್ಣದ ಸಣ್ಣ ಹುಳ. ಅದು ಮೈಮೇಲೆ ಉಜ್ಜಿಹೋದರೆ ಸುಟ್ಟ ಗೆರೆಯಂಥ ಗುಳ್ಳೆ ಏಳುತ್ತದೆ. ಆದರೆ ಅಲ್ಲಿ ಮುಂಚಿನ ದಿನಗಳ ನೋವು ಇರುವುದಿಲ್ಲ. ಮೊಣಕೈ, ಕತ್ತಿನಂಥ ಮಡಿಕೆಯಲ್ಲಿ ಆದರೆ ಎದುರು ಚರ್ಮದಲ್ಲೂ ಅದೇ ಗುರುತು ಮೂಡುತ್ತದೆ.

ವೈರಸ್ ತಡೆಯುವ ಮಾತ್ರೆಯ ಲೆಕ್ಕ ಸರಿಯಾಗಿರಬೇಕು. ಅಸೈಕ್ಲೋವಿರ್ ಆದರೆ 800 ಮಿ.ಗ್ರಾಂ, ದಿನಕ್ಕೆ 5 ಸಲ, 7 ದಿನ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ವ್ಯಾಲಾಸೈಕ್ಲೋವಿರ್ ಆದರೆ 1000 ಮಿ.ಗ್ರಾಂ ದಿನಕ್ಕೆ 3 ಸಲ, 7 ದಿನ. ಐದು ಸಲ ನೆನಪಿಡುವುದು ಕಷ್ಟವಾದ್ದರಿಂದ ನಾನು ಎರಡನೆಯದನ್ನೇ ಕೇಳಿ ಅನ್ನುತ್ತೇನೆ. ತುಟಿಯ ಗುಳ್ಳೆ ಅಂದರೆ ಹರ್ಪಿಸ್‌ಗೆ ಬರೆದ ಹಳೆಯ ಚೀಟಿ ತೋರಿಸಿ ಕೊಳ್ಳಬೇಡಿ, ಅದರ ಪ್ರಮಾಣ ಇದಕ್ಕೆ ಸಾಲುವುದಿಲ್ಲ. ಕಿಡ್ನಿ ತೊಂದರೆಯಿದ್ದರೆ ಮೊದಲೇ ಹೇಳಿ, ಡೋಸ್ ಇಳಿಸಬೇಕಾಗುತ್ತದೆ. ನೀರು ಚೆನ್ನಾಗಿ ಕುಡಿಯಿರಿ. ಅಸೈಕ್ಲೋವಿರ್ ಕ್ರೀಮಿಗೆ ದುಡ್ಡು ಹಾಕಬೇಡಿ, ಸರ್ಪಸುತ್ತಿಗೆ ಅದರಿಂದ ಲಾಭವಿಲ್ಲ. 72 ಗಂಟೆ ದಾಟಿದ್ದರೂ ಹೊಸ ಗುಳ್ಳೆ ಏಳುತ್ತಿದ್ದರೆ ಡಾಕ್ಟರು ಮಾತ್ರೆ ಕೊಡುತ್ತಾರೆ, ಹೋಗದೇ ಇರಬೇಡಿ.

ಗುಳ್ಳೆ ಒಡೆಯಬೇಡಿ. ದಿನಕ್ಕೆ ಮೂರ್ನಾಲ್ಕು ಸಲ, 15-20 ನಿಮಿಷ ತಣ್ಣೀರಿನ ಒದ್ದೆಬಟ್ಟೆ ಇಡಿ. ಒಡೆಯದ ಗುಳ್ಳೆಗೆ ಕ್ಯಾಲಮೈನ್ ಲೋಷನ್, ಒಡೆದದ್ದಕ್ಕೆ ತೆಳುವಾಗಿ ವ್ಯಾಸಲೀನ್ ಸವರಿ ಅಂಟದ ಗಾಜ್ ಹಾಕಿ, ಮೇಲೆ ಸಡಿಲ ಹತ್ತಿ ಬನಿಯನ್. 7ರಿಂದ 10 ದಿನದಲ್ಲಿ ಹಕ್ಕಳೆ ಕಟ್ಟುತ್ತದೆ. ಅಲ್ಲಿಯವರೆಗೆ ಗರ್ಭಿಣಿಯರು, ಹಸುಗೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಹತ್ತಿರ ಹೋಗಬೇಡಿ. ಚಿಕನ್ ಪಾಕ್ಸ್ ಬಂದಿಲ್ಲದವರಿಗೆ ಗುಳ್ಳೆಯ ನೀರಿನಿಂದ ಚಿಕನ್ ಪಾಕ್ಸ್ ಬರಬಹುದು, ಸರ್ಪಸುತ್ತು ಬರುವುದಿಲ್ಲ.

ಮನೆಯಲ್ಲಿ ಯಾರಾದರೂ ಕೆಮ್ಮಣ್ಣು ಬಳಿಸಿ, ಗರಿಕೆ ರಸ ಹಚ್ಚಿಸಿ ಎಂದೇ ಅನ್ನುತ್ತಾರೆ. ಹಾವಿನ ತಲೆ-ಬಾಲ ಕೂಡಿದರೆ ಸಾವು ಎಂಬ ಹೆದರಿಕೆಯೂ ಇದೆ. ಒಂದು ನರ ದೇಹದ ಅರ್ಧಕ್ಕೆ ಮಾತ್ರ ಹರಡಿರುವುದರಿಂದ ಆ ಪಟ್ಟಿ ಸುತ್ತು ಹಾಕಿ ಕೂಡುವ ಪ್ರಶ್ನೆಯೇ ಇಲ್ಲ. ಹಿರಿಯರ ಮನಸ್ಸು ನೋಯಿಸಬೇಕಿಲ್ಲ, ದೇವರಿಗೆ ಹರಕೆ ಹೊರಲಿ. ಆದರೆ ಒಡೆದ ಹುಣ್ಣಿನ ಮೇಲೆ ಮಣ್ಣು ಬೇಡವೇ ಬೇಡ, ಕೀವು ಆಗುತ್ತದೆ. ಬಳಿದ ಮೇಲೆ ವಾಸಿಯಾಗುವುದು ಕಾಣುತ್ತದೆ ನಿಜ. ಚರ್ಮ ಮಣ್ಣಿಲ್ಲದೆಯೂ ಎರಡರಿಂದ ನಾಲ್ಕು ವಾರದಲ್ಲಿ ವಾಸಿಯಾಗುತ್ತದೆ. ಉಳಿಯುವುದು ನರದ ನೋವು.

ಆ ನೋವಿಗಾಗಿಯೇ ಇಷ್ಟು ಅವಸರ ಮಾಡುತ್ತಿದ್ದೇನೆ. ಗುಳ್ಳೆ ಹೋಗಿ 3 ತಿಂಗಳಾದರೂ ಉರಿ ಉಳಿದರೆ ಅದು ಬೇರೆಯೇ ಕಾಯಿಲೆ. 60 ದಾಟಿದವರಿಗೆ ಅದರ ಅಪಾಯ ಹೆಚ್ಚು. ಪ್ಯಾರಸಿಟಮಾಲ್ ಅದಕ್ಕೆ ಸಾಲದು. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಅಥವಾ ರಾತ್ರಿ ಅಮಿಟ್ರಿಪ್ಟಿಲಿನ್ ಅನ್ನು ಕಡಿಮೆ ಡೋಸಿನಿಂದ ಶುರುಮಾಡಿ ಏರಿಸುತ್ತಾರೆ. ತೂಕಡಿಕೆ, ತಲೆಸುತ್ತು ಬರುತ್ತದೆ, ವಯಸ್ಸಾದವರು ರಾತ್ರಿ ಬಚ್ಚಲಿಗೆ ಒಬ್ಬರೇ ಏಳಬಾರದು. ತಾವಾಗಿಯೇ ನಿಲ್ಲಿಸಲೂ ಬಾರದು.

ಗುಳ್ಳೆ ಹಣೆಗೋ ಕಣ್ಣಿನ ರೆಪ್ಪೆಗೋ ಮೂಗಿನ ತುದಿಗೋ ಬಂದರೆ ನಾಳೆಯವರೆಗೂ ಕಾಯಬೇಡಿ, ಅದೇ ದಿನ ಕಣ್ಣಿನ ಡಾಕ್ಟರು. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು ಹೋಗುತ್ತದೆ. ಕಿವಿಯಲ್ಲಿ ಗುಳ್ಳೆ ಬಂದು ಬಾಯಿ ಸೊಟ್ಟಗಾದರೂ ಅಷ್ಟೇ ತುರ್ತು. ಇನ್ನೂ ಚಿಕ್ಕ ವಯಸ್ಸಾಗಿದ್ದರೆ, ಅಥವಾ ಗುಳ್ಳೆ ಮೈತುಂಬ ಹರಡಿದರೆ, ರೋಗನಿರೋಧಕ ಶಕ್ತಿ ಕುಗ್ಗಿದೆಯೇ ನೋಡಲು ಸಕ್ಕರೆ ಮತ್ತು ಎಚ್‌ಐವಿ ಪರೀಕ್ಷೆ ಬರೆದಾರು, ಅದಕ್ಕೆ ಬೇಸರಪಡಬೇಡಿ.

ಮನೆಯಲ್ಲಿ 50 ದಾಟಿದವರಿದ್ದರೆ ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್ ಲಸಿಕೆಯ ಬಗ್ಗೆಯೂ ಅದೇ ಡಾಕ್ಟರನ್ನು ಕೇಳಿ. ಭಾರತದಲ್ಲಿ 2023ರಿಂದ ಸಿಗುತ್ತಿದೆ, 2ರಿಂದ 6 ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ದುಬಾರಿ. ಈಗಾಗಲೇ ಸರ್ಪಸುತ್ತು ಬಂದು ಹೋದವರೂ ಹುಣ್ಣು ಪೂರ್ತಿ ಮಾಯ್ದ ಮೇಲೆ ಹಾಕಿಸಿಕೊಳ್ಳಬಹುದು.