ಕಾವಲಿಗೆ ಸಾಕಿದ ಬೆರಕೆ ನಾಯಿ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮದು ಅಡಿಕೆ ತೋಟದ ನಡುವಿನ ಒಂಟಿ ಮನೆ. ನಾಯಿಯ ತಾಯಿ ಜರ್ಮನ್ ಶೆಫರ್ಡ್, ತಂದೆ ಊರನಾಯಿ. ಗಂಡು, ಒಂದೂವರೆ ವರ್ಷ, ತೂಕ 34 ಕೆ.ಜಿ. ಹಗಲು ಕಟ್ಟುತ್ತೇವೆ, ರಾತ್ರಿ ಬಿಡುತ್ತೇವೆ. ಕಟ್ಟಿದರೆ ದಿನವಿಡೀ ಬೊಗಳುತ್ತದೆ. ಬಿಟ್ಟರೆ ಕೆಲಸದವರ ಮೇಲೆ ಹಾರುತ್ತದೆ, ಸ್ಕೂಟರ್ ಅಟ್ಟಿಸಿಕೊಂಡು ಹೋಗುತ್ತದೆ. ಕಾವಲುನಾಯಿ ಅಂದಮೇಲೆ ಹೀಗೇ ಇರಬೇಕು ಎನ್ನುತ್ತಾರೆ ಅಪ್ಪ. ನಿಜವೇ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಅಪ್ಪನವರು ಬೇಸರಿಸಬಾರದು, ನಿಮ್ಮ ನಾಯಿ ಈಗ ಮಾಡುತ್ತಿರುವುದು ಕಾವಲಲ್ಲ. ಮನೆಗೆ ಬಂದುಹೋಗುವವರು ಯಾರು, ಹೊಸಬರು ಯಾರು ಎಂದು ಬೇರೆ ಮಾಡಿ ಗುರುತಿಸುವ ನಾಯಿ ಕಾವಲು ಕಾಯುತ್ತದೆ. ದಿನಾ ಬರುವ ಆಳಿನ ಮೇಲೆಯೇ ಹಾರುವ ನಾಯಿಗೆ ಆ ಗುರುತೇ ಇನ್ನೂ ಸಿಕ್ಕಿಲ್ಲ.

ಶೆಫರ್ಡ್ ಇಡೀ ದಿನ ಕುರಿಮಂದೆಯ ಸುತ್ತ ಓಡಾಡಲೆಂದು ಬೆಳೆಸಿದ ತಳಿ, ಊರನಾಯಿಯೋ ಅಲೆದು ಬದುಕುವ ಪ್ರಾಣಿ. ಎರಡರ ರಕ್ತವೂ ಸೇರಿದ ಪ್ರಾಯದ ನಾಯಿಯನ್ನು ಐದಡಿ ಸರಪಳಿಗೆ ಕಟ್ಟಿದರೆ ಅದಕ್ಕೆ ಜನ ಕಾಣುತ್ತಾರೆ, ಆದರೆ ಮೂಸಿ ನೋಡಲು ಸಿಗುವುದಿಲ್ಲ. ಬೊಗಳುತ್ತದೆ, ದಾರಿಹೋಕ ತನ್ನ ಪಾಡಿಗೆ ಮುಂದೆ ಹೋಗುತ್ತಾನೆ. ತಾನು ಬೊಗಳಿದ್ದಕ್ಕೇ ಆತ ಓಡಿದ ಎಂದು ನಾಯಿಯ ಲೆಕ್ಕ. ದಿನಕ್ಕೆ ಐವತ್ತು ಬಾರಿ ಇದೇ ಪಾಠವಾದರೆ ರೋಷ ಏರದೆ ಇದ್ದೀತೇ? ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು.

ಮೊದಲು ಮೈ ದಣಿಸಿ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಅರ್ಧ ಗಂಟೆ ನಡೆಸಿ. ಹದಿನೈದಡಿ ಹಗ್ಗ ಕಟ್ಟಿ, ಬೇಲಿಯಂಚು, ಗೊಬ್ಬರದ ಗುಂಡಿಯ ಬದಿ ಎಲ್ಲವನ್ನೂ ಮೂಸಲು ಬಿಡಿ. ಬೈಕಿನ ಹಿಂದೆ ಓಡಿಸುವುದಕ್ಕಿಂತ ಹೀಗೆ ಮೂಸುತ್ತಾ ನಡೆದಾಗಲೇ ನಾಯಿ ಚೆನ್ನಾಗಿ ತಣಿಯುತ್ತದೆ. ಜಗ್ಗುವ ನಾಯಿಗೆ ಎದೆಯ ಮುಂಭಾಗದಲ್ಲಿ ಕೊಂಡಿ ಇರುವ ಹಾರ್ನೆಸ್ ಹಾಕಿ. ಕುತ್ತಿಗೆ ಬಿಗಿಯುವ ಚೋಕ್ ಚೈನ್ ಬೇಡ.

ಹಗಲು ಕಟ್ಟಲೇಬೇಕಿದ್ದರೆ ಎರಡು ಕಂಬಗಳ ನಡುವೆ ಏಳಡಿ ಎತ್ತರದಲ್ಲಿ ಐವತ್ತಡಿ ಉದ್ದದ 6 ಮಿ.ಮೀ. ಜಿಐ ವೈರ್ ರೋಪ್ ಎಳೆಯಿರಿ. ಅದರ ಮೇಲೆ ಓಡುವ ರಾಟೆಯಿಂದ ಎಂಟಡಿ ಹಗುರ ಸರಪಳಿ ಇಳಿಬಿಡಿ. ಸರಪಳಿ ಸುತ್ತಿಕೊಳ್ಳದಂತೆ ಮೇಲೊಂದು, ಕೆಳಗೊಂದು ತಿರುಗುವ ಕೊಂಡಿ ಇರಲಿ. ಎರಡೂ ಕಂಬಗಳಿಂದ ಎಂಟೆಂಟು ಅಡಿ ಒಳಗೆ ತಂತಿಗೆ ಯು-ಕ್ಲ್ಯಾಂಪ್ ಬಿಗಿದು ರಾಟೆಯನ್ನು ತಡೆಯಬೇಕು. ಇದನ್ನು ಬಿಟ್ಟರೆ ನಾಯಿ ಕಂಬಕ್ಕೆ ಸುತ್ತು ಹಾಕಿಕೊಂಡು ಉಸಿರುಗಟ್ಟುತ್ತದೆ. ತಂತಿಯ ಎರಡೂ ಬದಿಗೆ ಎಂಟಡಿ ದೂರದವರೆಗೆ ಬೇಲಿ, ಕಟ್ಟೆ, ಮೆಟ್ಟಿಲು ಏನೂ ಇರಬಾರದು. ನಾಯಿ ಬೇಲಿ ಹಾರಿ ಆಚೆ ಬದಿಗೆ ನೇತಾಡಿ ಸಾಯುವುದು ಇಂಥಲ್ಲೇ. ನೆರಳು, ಮಗುಚದಂಥ ಕಲ್ಲಿನ ನೀರಿನ ಬಾನಿ ಎಟುಕುವಂತಿರಲಿ.

ಇನ್ನು ಕೆಲಸದವರ ಪರಿಚಯ. ಗೇಟಿನಿಂದ ಮೂವತ್ತಡಿ ದೂರದಲ್ಲಿ ಒಂದು ಗೋಣಿಚೀಲ ಹಾಸಿ, ‘ಜಾಗ’ ಎಂದೊಡನೆ ಅದರ ಮೇಲೆ ಹೋಗಿ ಕೂರುವುದನ್ನು ಕಲಿಸಿ. ಕೂತರೆ ಬೇಯಿಸಿದ ಕೋಳಿಯ ಚಿಕ್ಕ ತುಂಡು. ಮೊದಲ ನಾಲ್ಕು ದಿನ ಗೇಟಿನಲ್ಲಿ ಯಾರೂ ಬೇಡ. ಆಮೇಲೆ ಮನೆಯವರೊಬ್ಬರು, ಅನಂತರ ನಾಯಿ ಒಪ್ಪುವ ಒಬ್ಬ ಆಳು, ಕೊನೆಗೆ ಸ್ಕೂಟರ್. ಹಗ್ಗ ನಿಮ್ಮ ಕೈಯಲ್ಲೇ ಇರಲಿ. ನಾಯಿ ಗುರುಗುಟ್ಟಿದರೆ ಅಂತರ ಸಾಲದು ಎಂದರ್ಥ, ಇನ್ನೂ ಹತ್ತಡಿ ಹಿಂದೆ ಸರಿಯಿರಿ. ದಿನಕ್ಕೆರಡು ಸಲ, ಐದೈದು ನಿಮಿಷ ಸಾಕು. ವಾರಗಳು ಹಿಡಿಯುತ್ತವೆ, ಅವಸರ ಮಾಡಬೇಡಿ. ಗುರುಗುಟ್ಟಿದ್ದಕ್ಕೆ ಮಾತ್ರ ಎಂದೂ ಹೊಡೆಯಬೇಡಿ. ಏಟು ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರ ಕಚ್ಚಲು ಕಲಿಯುತ್ತದೆ.

ಅಪರಿಚಿತರನ್ನು ಕಂಡು ನಾಲ್ಕು ಸಲ ಬೊಗಳಲಿ, ಅದೇ ಅದರ ಕೆಲಸ. ನೀವು ಹೊರಬಂದು ನೋಡಿ, ‘ಸಾಕು’ ಎಂದು ಹೇಳಿ, ಸುಮ್ಮನಾದಾಗ ತುಂಡು ಕೊಡಿ. ಬೀಜ ಒಡೆಸಿದರೆ ಸರಿಹೋಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಹೆಣ್ಣುನಾಯಿಯ ಹಿಂದೆ ಊರೂರು ಅಲೆಯುವುದು ಕಡಿಮೆಯಾಗುತ್ತದೆ, ಕಲಿಯದ ಪಾಠವನ್ನು ಶಸ್ತ್ರಚಿಕಿತ್ಸೆ ಕಲಿಸುವುದಿಲ್ಲ.

ಪ್ರಶ್ನೆ: ರಾಟ್‌ವೈಲರ್ ಕ್ರಾಸ್ ಮರಿಗೆ ನಾಲ್ಕು ತಿಂಗಳು. ರಾಗಿಮುದ್ದೆ, ಹಾಲು ಕೊಡುತ್ತಿದ್ದೇವೆ. ಮುಂಗಾಲು ಬಾಗುತ್ತಿದೆ. ಕ್ಯಾಲ್ಸಿಯಂ ಸಿರಪ್ ಎರಡು ಪಟ್ಟು ಮಾಡಿದ್ದೇವೆ, ಎಳೆಬಿಸಿಲಿಗೂ ಬಿಡುತ್ತೇವೆ.
– ಮಂಡ್ಯದ ಓದುಗರು

ಉತ್ತರ: ಸಿರಪ್ ಇವತ್ತೇ ನಿಲ್ಲಿಸಿ, ಮರಿಯನ್ನು ಎಕ್ಸ್‌ರೇ ಇರುವ ಪಶು ಆಸ್ಪತ್ರೆಗೆ ಒಯ್ಯಿರಿ. ಕೊರತೆಯಾದರೂ ಕಾಲು ಬಾಗುತ್ತದೆ, ಅತಿಯಾದರೂ ಬಾಗುತ್ತದೆ. ದೊಡ್ಡ ತಳಿಯ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡವೆಂದು ತಡೆಯುವ ಶಕ್ತಿ ಇರುವುದಿಲ್ಲ. ಹೊಯ್ದಷ್ಟೂ ಒಳಗೆ ಹೋಗಿ ಎಲುಬಿನ ಬೆಳವಣಿಗೆ ಕೆಡುತ್ತದೆ. ಬಿಸಿಲಿನ ಉಪಾಯ ಮಗುವಿಗೆ ಸರಿ. ನಾಯಿಯ ಚರ್ಮ ಬಿಸಿಲಿನಿಂದ ಬೇಕಾದಷ್ಟು ಡಿ ವಿಟಮಿನ್ ಮಾಡಿಕೊಳ್ಳಲಾರದು, ಅದು ಮೊಟ್ಟೆಯ ಹಳದಿ, ಮೀನಿನಂಥ ಆಹಾರದಿಂದಲೇ ಬರಬೇಕು. ಒಂದು ವರ್ಷದವರೆಗೆ ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಸಿದ್ಧ ಆಹಾರ ಕೊಡುವುದು ಕ್ಷೇಮ. ಮನೆ ಅಡುಗೆಯಲ್ಲಿ ಈ ಲೆಕ್ಕ ಹೊಂದಿಸುವುದು ಸುಲಭವಲ್ಲ.

ಬೆಳೆದ ಮೇಲೆ ರಾಗಿ ಒಳ್ಳೆಯದೇ. 30 ಕೆ.ಜಿ. ನಾಯಿಗೆ ದಿನಕ್ಕೆ 200 ಗ್ರಾಂ ರಾಗಿಹಿಟ್ಟಿನ ಮುದ್ದೆ, ಮೂಳೆ ತೆಗೆದ 300 ಗ್ರಾಂ ಕೋಳಿಮಾಂಸ, ಎರಡು ಬೆಂದ ಮೊಟ್ಟೆ, ಒಂದು ಹಿಡಿ ಸಿಹಿಗುಂಬಳ, ಒಂದು ಚಮಚ ಎಣ್ಣೆಯಿಂದ ಶುರುಮಾಡಿ. ತಿಂಗಳಿಗೊಮ್ಮೆ ಪಕ್ಕೆ ಮುಟ್ಟಿ, ಸೊರಗಿದೆಯೋ ಕೊಬ್ಬಿದೆಯೋ ನೋಡಿ ಹೆಚ್ಚುಕಡಿಮೆ ಮಾಡಿ, ಖನಿಜದ ಪುಡಿ ಎಷ್ಟು ಬೇಕೆಂದು ವೈದ್ಯರನ್ನು ಕೇಳಿ. ಮುದ್ದೆ ಮುರಿದು ಕೊಡಿ. ಮನೆಯ ಸಾರು ಸುರಿಯಬೇಡಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬೇಯಿಸಿದ ಮೂಳೆಯೂ ಬೇಡ. ಎರಡು ಹೊತ್ತಿಗೆ ಹಂಚಿ, ತಿಂದ ಮೇಲೆ ಒಂದು ಗಂಟೆ ಓಡಿಸಬೇಡಿ. ಎದೆಗೂಡು ಆಳವಿರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವುದುಂಟು. ವಾಂತಿಗೆ ಒದ್ದಾಡಿದರೂ ಏನೂ ಬರುತ್ತಿಲ್ಲ, ಹೊಟ್ಟೆ ಡೋಲಿನಂತಾಗಿದೆ ಎಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಪ್ರಶ್ನೆ: ಹಸುವಿಗೆ ತಂದ ಐವರ್‌ಮೆಕ್ಟಿನ್ ಇಂಜೆಕ್ಷನ್ ಉಳಿದಿದೆ. ಉಣುಗು ಹತ್ತಿದ ನಾಯಿಗೆ ಕೊಡಬಹುದೇ?
– ಸಾಗರದ ಓದುಗರು

ಉತ್ತರ: ಬೇಡ. ಕೋಲಿ ಬಳಗದ ತಳಿಗಳಲ್ಲಿ, ಕೆಲವು ಶೆಫರ್ಡ್‌ಗಳಲ್ಲಿ ಒಂದು ಜೀನ್ ದೋಷವಿರುತ್ತದೆ, ಆಗ ಈ ಔಷಧಿ ಮಿದುಳಿಗೆ ನುಗ್ಗಿ ನಡುಕ, ಕುರುಡು, ಸಾವು ತರಬಹುದು. ಬೆರಕೆ ನಾಯಿಯ ಅಜ್ಜ ಯಾರೆಂದು ಯಾರಿಗೆ ಗೊತ್ತು? ಹಸುವಿನ ಔಷಧಿಯ ಹನಿ ಲೆಕ್ಕವೂ ನಾಯಿಗೆ ತಪ್ಪುತ್ತದೆ.

ಅದರ ಬದಲು ಮೈಗೆ ಹಚ್ಚುವ ಉಣುಗಿನ ಔಷಧಿ ಅಮಿಟ್ರಾಜ್ ಇದೆ. 12.5% ದ್ರಾವಣವಾದರೆ ಲೀಟರ್ ನೀರಿಗೆ 2 ಮಿ.ಲೀ. ಕೈಗವಸು ಹಾಕಿ, ಕಣ್ಣು ಬಾಯಿ ಬಿಟ್ಟು ಮೈಗೆಲ್ಲ ಹಚ್ಚಿ, ತೊಳೆಯದೆ ನೆರಳಲ್ಲಿ ಒಣಗಿಸಿ. ಒಣಗುವವರೆಗೆ ನೆಕ್ಕಬಾರದು. ಮರಿಗಳಿಗೆ, ಸಕ್ಕರೆ ಕಾಯಿಲೆಯ ನಾಯಿಗೆ, ಬೆಕ್ಕಿಗೆ ಇದು ಕೂಡದು. ವೈದ್ಯರು ಬರೆದುಕೊಡುವ ಫ್ಲುರಾಲನರ್ ಮಾತ್ರೆ ದುಬಾರಿ, ಆದರೆ ಒಂದು ಮಾತ್ರೆ 12 ವಾರ ಕೆಲಸ ಮಾಡುತ್ತದೆ. ಗೂಡಿನ ಗೋಡೆಯ ಬಿರುಕನ್ನೂ ಸಿಮೆಂಟಿನಿಂದ ಮುಚ್ಚಿ. ನಾಯಿಯ ಕಂದು ಉಣುಗು ಮೊಟ್ಟೆಯಿಡುವುದು ಅಲ್ಲೇ, ನಾಯಿಯ ಮೈಮೇಲಲ್ಲ. ಊಟ ಬಿಡುವುದು, ವಸಡು ಬಿಳಿಚುವುದು, ಮೂಗಲ್ಲಿ ರಕ್ತ, ಕಡುಬಣ್ಣದ ಮೂತ್ರ ಇವು ಉಣುಗು ಜ್ವರದ ಸೂಚನೆ. ಅಂದೇ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮದು ಮಂಗನ ಕಾಯಿಲೆಯ ಸೀಮೆ. ಕಾಡಿಗೆ ಹೋಗಿ ಬಂದ ನಾಯಿಯನ್ನು ಮೈ ನೋಡದೆ ಜಗಲಿಗೆ ಹತ್ತಿಸಬೇಡಿ, ಉಣುಗನ್ನು ಬರಿಗೈಯಲ್ಲಿ ಹೊಸಕಬೇಡಿ.

ಪ್ರಶ್ನೆ: ಪಿಟ್‌ಬುಲ್, ರಾಟ್‌ವೈಲರ್ ಬೆರಕೆ ಸಾಕುವುದು ನಿಷೇಧವಂತೆ?
– ಬೆಂಗಳೂರಿನ ಓದುಗರು

ಉತ್ತರ: 23 ತಳಿ ಮತ್ತು ಅವುಗಳ ಬೆರಕೆಗಳ ಬಗ್ಗೆ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿತ್ತು. ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಆದರೆ ಯಾವ ತಳಿಯೇ ಆಗಲಿ, ನಿಮ್ಮ ಅಜಾಗರೂಕತೆಯಿಂದ ಜನರಿಗೆ ಅಪಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ: ಆರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ರೇಬಿಸ್ ಲಸಿಕೆ ಮೂರು ತಿಂಗಳಿಗೆ ಮೊದಲ ಸಲ, ಅನಂತರ ವರ್ಷವರ್ಷವೂ. ಲಸಿಕೆ ಬರೆದ ಪುಸ್ತಕ ಜೋಪಾನ. ಲಸಿಕೆಯಾದ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಕಳಿಸಿ.

ಪ್ರಶ್ನೆ: ಚಿರತೆ ಕಾಟವಿದೆ. ಮುಳ್ಳಿನ ಪಟ್ಟಿ ಹಾಕಿ ರಾತ್ರಿ ಬಿಡಬಹುದೇ?
– ಮೂಡಿಗೆರೆಯ ಓದುಗರು

ಉತ್ತರ: ಮುಳ್ಳಿನ ಪಟ್ಟಿ ಕುತ್ತಿಗೆಯನ್ನಷ್ಟೇ ಕಾಯುತ್ತದೆ. ಚಿರತೆಗೆ ನಾಯಿ ಇಷ್ಟದ ಬೇಟೆ, 34 ಕೆ.ಜಿ. ತೂಗುವ ನಾಯಿಯೂ ಅದಕ್ಕೆ ಲೆಕ್ಕವಲ್ಲ. ಕಟ್ಟಿಹಾಕಿದ ನಾಯಿಯಂತೂ ತಟ್ಟೆಯಲ್ಲಿಟ್ಟ ಊಟ. ಕತ್ತಲಾಗುವ ಮೊದಲೇ ಗೂಡಿಗೆ ಸೇರಿಸಿ. ಗೂಡು ಎಂಟಡಿಗೆ ಆರಡಿ ಇರಲಿ, ನೆಲ ಅರ್ಧ ಅಡಿ ಎತ್ತರದ ಕಾಂಕ್ರೀಟ್, ನಾಲ್ಕೂ ಬದಿಗೆ ಮತ್ತು ಹೆಂಚಿನ ಅಡಿಗೂ ವೆಲ್ಡ್ ಮಾಡಿದ ಕಬ್ಬಿಣದ ಜಾಲರಿ. ಬರೀ ಹೆಂಚಾದರೆ ಚಿರತೆ ಸರಿಸಿಕೊಂಡು ಇಳಿಯುತ್ತದೆ. ಬಾಗಿಲಿನ ಬೋಲ್ಟ್ ಹೊರಗೆ, ಮೇಲೊಂದು ಕೆಳಗೊಂದು. ಗೂಡನ್ನು ಗೇಟಿನ ಬಳಿ ಕಟ್ಟಬೇಡಿ. ಅದರ ಬೊಗಳು ನಿಮ್ಮ ಮಲಗುವ ಕೋಣೆಗೆ ಕೇಳಬೇಕು.