ನೀರು ನುಗ್ಗಿದ ಸೆಕೆಂಡ್ ಹ್ಯಾಂಡ್ ಕಾರು ಕಮ್ಮಿ ಬೆಲೆಗೆ ಸಿಗುತ್ತಿದೆ. ನೀರು ಸೀಟಿನ ತನಕ ಮಾತ್ರ ಬಂದಿತ್ತಂತೆ, ಇಂಜಿನ್ ಚೆನ್ನಾಗಿದೆ. ಎಷ್ಟಕ್ಕೆ ಚೌಕಾಸಿ ಮಾಡಲಿ?

ಚೌಕಾಸಿಯೇ ಬೇಡ. ಆ ಕಾರಿನ ಸಹವಾಸ ಬಿಡಿ. "ನೀರು ಸೀಟಿನ ತನಕ ಮಾತ್ರ ಬಂದಿತ್ತು, ಇಂಜಿನ್‌ಗೆ ಏನೂ ಆಗಿಲ್ಲ" ಅಂತ ನಿಮಗೆ ಹೇಳಿದ್ದಾರಲ್ಲ, ನನಗೂ ಇದನ್ನೇ ಹೇಳಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ಪರಿಚಯದ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗಿದ್ದೆ. ಕೆಲಸದಲ್ಲಿ ಗಟ್ಟಿಗ. ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿದ. ನೀರು ಬೆರೆತಿದ್ದರೆ ಬೆಳ್ಳಗೆ ಕದಡಿದ ಹಾಗೆ ಕಾಣುತ್ತದೆ, ಅಂಥದ್ದೇನೂ ಇರಲಿಲ್ಲ. ಏರ್ ಫಿಲ್ಟರ್ ಬಿಚ್ಚಿದ, ಒಣಗಿತ್ತು. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಾಕಿದ, ಒಂದೂ ಎರರ್ ಇಲ್ಲ. (ಎರರ್ ಅಳಿಸುವುದೂ ಅದೇ ಸ್ಕ್ಯಾನರ್‌ನಲ್ಲಿ ಚಿಟಿಕೆ ಹೊಡೆಯುವಷ್ಟರ ಕೆಲಸ ಅಂತ ಆಮೇಲೆ ಗೊತ್ತಾಯಿತು.) ಓಡಿಸಿ ನೋಡಿದೆವು, ಎಲ್ಲೂ ತಕರಾರಿಲ್ಲ. ದುಡ್ಡು ಕೊಟ್ಟುಬಿಟ್ಟೆ.

ಎಡವಿದ್ದು ಇಲ್ಲೇ. ನೀವೂ ಅದೇ ದಾರಿಯಲ್ಲಿ ಹೊರಟಿದ್ದೀರಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀರು ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಇಂಜಿನ್ ಒಂದೇ. ಇಂಜಿನ್ ಕೆಡುವುದು ಹೆಚ್ಚಾಗಿ ಅದು ಓಡುತ್ತಿರುವಾಗ ನೀರು ಎಳೆದುಕೊಂಡರೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುವಾಗ ಸಿಲಿಂಡರಿನಲ್ಲಿ ನೀರಿದ್ದರೆ ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಂತ ಕಾರಿಗೆ ನೀರು ನುಗ್ಗಿ, ಯಾರೂ ಸ್ಟಾರ್ಟ್ ಮಾಡದೆ ಇದ್ದರೆ ಇಂಜಿನ್ ಬಚಾವಾಗಬಹುದು. ಆದರೆ ಸೀಟಿನ ತನಕ ಬಂದ ನೀರು ಏನನ್ನೆಲ್ಲ ಮುಳುಗಿಸಿರುತ್ತದೆ? ಕಾಲಡಿಯ ಕಾರ್ಪೆಟ್, ಅದರ ಕೆಳಗಿನ ದಪ್ಪ ಫೋಮ್, ಅಲ್ಲೇ ಹಾದುಹೋಗುವ ವೈರಿಂಗ್. ಏರ್‌ಬ್ಯಾಗ್‌ನ ಕಂಟ್ರೋಲ್ ಪೆಟ್ಟಿಗೆಯೂ ಎಷ್ಟೋ ಕಾರುಗಳಲ್ಲಿ ಗೇರ್ ಲಿವರ್ ಆಸುಪಾಸು ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಕಾರ್ಪೆಟ್ ಮೇಲಿಂದ ಒಣಗುತ್ತದೆ, ಫೋಮ್ ಒಳಗೊಳಗೇ ತೇವ ಹಿಡಿದಿರುತ್ತದೆ. ಬಾನೆಟ್ ಎತ್ತಿ ನೋಡಿದ ನಾವು ಕಾರ್ಪೆಟ್ ಎತ್ತಲಿಲ್ಲ.

ಕೊಂಡ ಹೊಸದರಲ್ಲಿ ಎಲ್ಲ ಸರಿ ಇತ್ತು. ತುಕ್ಕಿಗೇನು ಅವಸರ? ಮೊದಲು ಹಿಂದಿನ ಕಿಟಕಿ ಕೈಕೊಟ್ಟಿತು. ಆಮೇಲೆ ಸೆಂಟ್ರಲ್ ಲಾಕ್. ಒಂದನ್ನು ಸರಿ ಮಾಡಿಸಿದರೆ ಇನ್ನೊಂದು. ಕೊನೆಗೆ ಏರ್‌ಬ್ಯಾಗ್ ದೀಪ ಹತ್ತಿದ್ದು ಆರಲೇ ಇಲ್ಲ. ಎಲೆಕ್ಟ್ರಿಷಿಯನ್ ಡ್ರೈವರ್ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿದರು. ಫೋಮ್ ಒತ್ತಿದರೆ ಕಂದು ನೀರು ಒಸರುತ್ತಿತ್ತು. ಸೀಟಿನಡಿಯ ಏರ್‌ಬ್ಯಾಗ್ ವೈರಿಂಗ್‌ನ ಹಳದಿ ಕನೆಕ್ಟರ್ ಎಳೆದರೆ ಪಿನ್ನಿನ ತುಂಬ ಹಸಿರು ಕಿಲುಬು. ವೈರಿನ ಮೇಲಿನ ಪ್ಲಾಸ್ಟಿಕ್ ಕೊಯ್ದು ತೋರಿಸಿದರು, ಒಳಗಿನ ತಂತಿಯೂ ಕಪ್ಪಾಗಿತ್ತು. ನೀರು ತಂತಿಗುಂಟ ಹರಿದು ಹೋಗಿತ್ತು. ಪೂರ್ತಿ ವೈರಿಂಗ್ ಬದಲಿಸಬೇಕು ಅಂದರು. ಕೊಳ್ಳುವಾಗ ಉಳಿಸಿದ ದುಡ್ಡು ಅದಕ್ಕೆ ಎಲ್ಲಿ ಸಾಲಬೇಕು?

ಬೆಲೆ ಇನ್ನಷ್ಟು ಇಳಿಸಿಕೊಂಡರೆ ಸರಿಹೋಗುತ್ತದೆ ಅಂತ ಲೆಕ್ಕ ಹಾಕಬೇಡಿ. ಕಿಟಕಿ ಕೈಕೊಟ್ಟರೆ ಸಹಿಸಿಕೊಳ್ಳಬಹುದು. ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ ಅಪಘಾತದಲ್ಲಿ ಅದು ತೆರೆಯದೇ ಇರಬಹುದು. ಅದಕ್ಕೆ ಎಷ್ಟು ರಿಯಾಯಿತಿ ಕೇಳುತ್ತೀರಿ? ಸಮುದ್ರದ ನೀರು ಹೊಕ್ಕ ಕಾರಾಗಿದ್ದರಂತೂ ನೋಡಲೂ ಹೋಗಬೇಡಿ, ಉಪ್ಪು ತುಕ್ಕನ್ನು ಇನ್ನೂ ಬೇಗ ತರುತ್ತದೆ.

ನಿಮಗೆ ಮಾರುವವರು ನೀರಿನ ವಿಷಯ ಬಾಯಿಬಿಟ್ಟು ಹೇಳಿದ್ದಾರೆ, ಅಷ್ಟರಮಟ್ಟಿಗೆ ಪುಣ್ಯ. ಜಾಸ್ತಿ ಜನ ಹೇಳುವುದೇ ಇಲ್ಲ. ಹಾಗಾಗಿ ಮುಂದೆ ಯಾವ ಹಳೇ ಕಾರು ನೋಡಿದರೂ ಮೊದಲು ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಸೀಟು ತೊಳೆಯುತ್ತಾರೆ, ಸುರುಳಿಯೊಳಗಿನ ಬೆಲ್ಟನ್ನು ಮರೆಯುತ್ತಾರೆ. ಕೆಸರಿನ ಗೆರೆ ಅಲ್ಲೇ ಉಳಿದಿರುತ್ತದೆ. ಸೀಟಿನ ಹಳಿ, ಅದರ ಬೋಲ್ಟು, ಸ್ಟೆಪ್ನಿ ಇಡುವ ಗುಂಡಿ, ಇವನ್ನೆಲ್ಲ ಟಾರ್ಚ್ ಹಾಕಿ ನೋಡಿ. ಹಳೇ ಕಾರಿಗೆ ಹೊಚ್ಚಹೊಸ ಕಾರ್ಪೆಟ್, ಒಳಗೆ ಮೂಗಿಗೆ ಹೊಡೆಯುವ ಸೆಂಟು ಇದ್ದರೆ ಅನುಮಾನ ಪಡಿ. ಇನ್ಶೂರೆನ್ಸ್ ಕ್ಲೇಮ್ ಆಗಿದೆಯಾ ಅಂತ ವಿಚಾರಿಸಿ, ಸರ್ವಿಸ್ ದಾಖಲೆ ಕೇಳಿ. ಕಾರ್ಪೆಟ್ ಎತ್ತಲು ಬಿಡುವುದಿಲ್ಲ ಅಂದರೆ ಜಗಳ ಬೇಡ, ಸುಮ್ನೆ ಎದ್ದು ಬನ್ನಿ.

ನನ್ನ ಕಾರು ಏನಾಯಿತು ಅಂದರೆ, ಬಿಡಿಭಾಗಕ್ಕೆ ಅಂತ ಗುಜರಿಗೆ ಹಾಕಿದೆ. ಅವರಿಗೆ ಬೇಕಾಗಿದ್ದದ್ದು ಇಂಜಿನ್. ಅದು ನಿಜವಾಗಿಯೂ ಚೆನ್ನಾಗಿಯೇ ಇತ್ತು.